ಬಾವಿ ಓಗೊಟ್ಟ ಚರಗ

ಆಗಿನ್ನೂ ಎಳ್ಳ ಅಮಾವಾಸ್ಯೆಗೆ ಊರಿಗೆ ಊರೇ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗುತ್ತಿದ್ದ ಕಾಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯದ ಬುಟ್ಟಿಗಳ ನಡುವೆ ನಾನೂ ರೇಣುಕಾಳೂ ಕಾಲು ಇಳಿಬಿಟ್ಟು ಕೂತು, ದಾರಿಯಲ್ಲೇ ಶೇಂಗಾ ಹೋಳಿಗೆ ಖಾಲಿ ಮಾಡುತ್ತಿದ್ದೆವು. ನೀವೂ ಮಾಡಿದ್ದೀರಿ, ಗೊತ್ತು. ಆದರೆ ನಾವು ಒಂಬತ್ತನೇ ಇಯತ್ತೆಯಲ್ಲಿದ್ದಾಗಿನ ಅಮಾವಾಸ್ಯೆ ನೆನೆದರೆ ನಾನು ಇವತ್ತಿಗೂ ಹಲ್ಲು ಕಡಿಯುತ್ತೇನೆ.

ರೇಣುಕಾ ನನ್ನ ಜೀವದ ಗೆಳತಿ. ಅವಳ ಅಕ್ಕ ಸಾವಕ್ಕ ಕುಬಿಹಾಳದ ನಮ್ಮ ಎರೆಹೊಲಕ್ಕೆ ಹತ್ತಿ ಬಿಡಿಸಲು ಬರುತ್ತಿದ್ದಳು. ಆ ವರ್ಷ ದೀಪಾವಳಿ ಮುಗಿದ ಮೇಲೆ, ಹತ್ತಿ ಕದ್ದಿದ್ದಾಳೆಂದು ನನ್ನ ಕಾಕಾ ಎಲ್ಲರ ಎದುರು ಅವಳ ಉಡಿ ಬಿಚ್ಚಿಸಿದ. ಒಳಗಿದ್ದದ್ದು ಅರ್ಧ ರೊಟ್ಟಿ. ಮರುದಿನ ಸಾವಕ್ಕ ನಮ್ಮ ಹೊಲದ ಬಾವಿಯಲ್ಲಿ ಹೆಣವಾಗಿ ಸಿಕ್ಕಳು. "ಕಾಲು ಜಾರೇತಿ" ಎಂದ ಕಾಕಾ. ಊರೂ ಹೂಂಗುಟ್ಟಿತು.

ಅಮಾವಾಸ್ಯೆಯ ದಿನ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸುತ್ತೇವೆ. ಹಿಂದೆ ಇನ್ನೊಂದು ಕಲ್ಲು, ಅದು ಕಳ್ಳ. ಆ ಕಲ್ಲನ್ನು ಇಡುತ್ತ ಕಾಕಾ ನಕ್ಕ.

"ಈ ಸಲ ಕಳ್ಳ ಅಲ್ಲಪಾ, ಕಳ್ಳಿ!"

ರೇಣುಕಾ ಅಲ್ಲೇ ನಿಂತಿದ್ದಳು. ಅವಳ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವನ ನಾಲಿಗೆ ಸೇದಿಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

ಆಮೇಲೆ ಚರಗ. ಒಬ್ಬರು ಹೊಲದ ಸುತ್ತ ಎಡೆ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದಿನವರು ತಂಬಿಗೆಯ ನೀರು ಚಿಮುಕಿಸುತ್ತ "ಸುರಾಂಬ್ಲಿಗೋ" ಎಂದು ಓಗೊಡಬೇಕು. ಓಗೊಡದಿದ್ದರೆ ಭೂಮಿತಾಯಿ ಉಣ್ಣಲಿಲ್ಲವೆಂದೇ ನಮ್ಮಲ್ಲಿ ನಂಬಿಕೆ. ತಂಬಿಗೆ ನಮ್ಮಿಬ್ಬರ ಕೈಯಲ್ಲಿತ್ತು. ಬಾವಿಯ ಹತ್ತಿರ ಕಾಕಾ ಕೂಗಿದ. ನಾನು ಸಿಟ್ಟಿಗೆ ಸುಮ್ಮನಿದ್ದೆ. ರೇಣುಕಾಳ ಮುಖ ನೋಡಿದೆ, ಅವಳೂ ತುಟಿ ಬಿಗಿದಿದ್ದಳು.

"ಸುರಾಂಬ್ಲಿಗೋ..."

ಬಾವಿಯೊಳಗಿಂದ ಬಂತು. ಕೊನೆಗೆ ದನಿ ಎಳೆಯುವ ಆ ಧಾಟಿ ಸಾವಕ್ಕನದೇ. ಹತ್ತಿ ಬಿಡಿಸುವಾಗ ಹಾಗೇ ಹಾಡುತ್ತಿದ್ದಳು. ಕಾಕಾನ ಕೈಯಿಂದ ಬುಟ್ಟಿ ಬಿತ್ತು.

"ಈಕೀನ ಕೂಗ್ಯಾಳ! ಅಕ್ಕನ ದನಿ ತಗದು ನನ್ನ ಅಂಜಸ್ತಾಳ!" ಎಂದು ರೇಣುಕಾಳ ಮೇಲೆ ಹರಿಹಾಯ್ದ. "ತಾಯಿ ಮಗಳು ಊರು ಬಿಡೂಹಂಗ ಮಾಡ್ತೀನಿ." ನನ್ನ ರಟ್ಟೆ ಹಿಡಿದ. "ಹೇಳ ಗಿರಿಜಾ, ಕೂಗಿದ್ದು ಈಕೀನ ಹೌದಿಲ್ಲೋ?"

ಅಪ್ಪ ದೂರದಿಂದಲೇ 'ಹೂಂ ಅನ್ನು' ಎಂದು ಕಣ್ಣು ಬಿಟ್ಟ. ಹೂಂ ಎಂದರೆ ನನ್ನ ಗೆಳತಿ ಹೋದಳು.

"ಆಕಿ ಬಾಯಿ ಮುಚ್ಚಿತ್ತು ಕಾಕಾ. ಕೂಗಿದಾಕಿ ಸಾವಕ್ಕ. ನೀನೂ ಕೇಳಿದಿ."

ಕಪಾಳಕ್ಕೆ ಬಿತ್ತು. ಬೀಳಲಿ! ಕೇಳಿದ ಮಂದಿಯೆಲ್ಲ ಆಗಲೇ ಪಿಸುಗುಡುತ್ತಿದ್ದರು.

"ನಿನಗ ಅಂಜಿಕಿ ಆಗಲಿಲ್ಲೇನ ಬೇ?" ಎಂದಳು ರೇಣುಕಾ ನನ್ನ ಕೈ ಹಿಡಿದು.

"ನಿಮ್ಮಕ್ಕಗ ನಾ ಯಾಕ ಅಂಜಲಿ?" ಎಂದೆ.

ಮುಂದಿನ ವರ್ಷದಿಂದ ಕಾಕಾನ ಹಿಂದೆ ತಂಬಿಗೆ ಹಿಡಿಯಲು ಯಾರೂ ಬರಲಿಲ್ಲ. "ಬಾವ್ಯಾಗಿನಾಕಿ ಅದಾಳಲ್ರಿ, ಆಕೀನ ಓ ಅಂತಾಳ" ಎನ್ನುತ್ತಿದ್ದರು. ಕಾಕಾ ಬಾವಿಗೆ ಕಲ್ಲುಮಣ್ಣು ತುಂಬಿಸಿದ. ಒಬ್ಬನೇ ಕೂಗಿಕೊಂಡು ಒಬ್ಬನೇ ತಿರುಗಿದ.

ಹೋದ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಅಣ್ಣಿಗೇರಿಯಲ್ಲಿ ಶಿಕ್ಷಕಿಯಾಗಿರುವ ರೇಣುಕಾಳೂ ಬಂದಿದ್ದಳು. ಬಂಡಿಗಳಿಲ್ಲ, ಹೋಳಿಗೆ ಖಾನಾವಳಿಯದು. ಮುದುಕನಾಗಿರುವ ಕಾಕಾ ನಮ್ಮ ಮುಂದೆ ತಂಬಿಗೆ ಚಾಚಿದ.

"ಒಂದ ಸಲ ಓ ಅನ್ರಿ ಯವ್ವಾ. ಈ ಭೂಮಿ ನನ್ನ ಕೈಯಾಗಿಂದು ಉಣ್ಣವಲ್ಲದು."

"ಮದಲ ನಮ್ಮಕ್ಕ ಕಳ್ಳಿ ಅಲ್ಲ ಅನ್ರಿ" ಎಂದಳು ರೇಣುಕಾ.

ಆ ಒಂದು ಮಾತು ಕಾಕಾನ ಬಾಯಿಂದ ಬರಲಿಲ್ಲ. ಬುಟ್ಟಿ ಎತ್ತಿಕೊಂಡು ಒಡಕು ದನಿಯಲ್ಲಿ ಕೂಗಿದ. ನಾವು ತಂಬಿಗೆ ಹಿಡಿದು ಸುಮ್ಮನೆ ನಿಂತೆವು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಅವನು ಮತ್ತೆ ಕೂಗಿದಾಗ ಇಬ್ಬರೂ ಬಾವಿಯಿದ್ದ ಜಾಗದ ಕಡೆ ಕಿವಿಗೊಟ್ಟೆವು. ಅಲ್ಲೀಗ ಕಡಲೆ ಬೆಳೆದಿತ್ತು. ಎಷ್ಟು ಹೊತ್ತು ಕಾದರೂ ಏನೂ ಕೇಳಲಿಲ್ಲ.

"ಆಕಿ ದನೀನೂ ಹುಗದಬಿಟ್ಟಾನ ಬೇ" ಎಂದಳು ರೇಣುಕಾ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅತ್ತಳು.

ತಂಬಿಗೆಯ ನೀರನ್ನೆಲ್ಲ ಆ ಕಡಲೆಯ ಬುಡಕ್ಕೆ ಸುರಿದು, "ಬಾ, ಹೋಗೂಣು" ಎಂದೆ. ಬದು ದಾಟುವಾಗಲೂ ಕಾಕಾ ಕೂಗುತ್ತಲೇ ಇದ್ದ.