ಮೋಡಿಯಲ್ಲಿ ಬಂದ ಲಗ್ನಪತ್ರಿಕೆ

ನಮ್ಮ ಮನೆತನದಲ್ಲಿ ಲಗ್ನಪತ್ರಿಕೆಯ ಮೊದಲ ಪ್ರತಿ ಸವದತ್ತಿಯ ಎಲ್ಲಮ್ಮನಿಗೆ. ಅದು ಗುಡ್ಡ ಮುಟ್ಟದ ಹೊರತು ಅಣ್ಣತಮ್ಮಂದಿರ ಮನೆಗೂ ಕೊಡುವಂತಿಲ್ಲ. ಅದೂ ಮಂಗಳವಾರ, ಇಲ್ಲವೇ ಶುಕ್ರವಾರವೇ ಆಗಬೇಕು. ಕಾಕಾನ ಮಗಳ ಲಗ್ನ ಗೊತ್ತಾದಾಗ ದಿನಗಳು ಕಡಿಮೆ ಇದ್ದವು. ಆ ಶುಕ್ರವಾರ ತಪ್ಪಿದರೆ ಮಂಗಳವಾರದವರೆಗೆ ಯಾರನ್ನೂ ಕರೆಯುವಂತಿಲ್ಲ, ತಡವಾಗಿ ಕರೆದರೆ ಬೀಗರು ಆಡಿಕೊಳ್ಳದೆ ಬಿಡುವವರಲ್ಲ. ಹೆಣ್ಣಿನ ತಾಯಿ, ನನ್ನ ಚಿಗವ್ವನಿಗೆ ಇದೇ ಚಿಂತೆ.

ಆಗ ತೊಂಬತ್ತರ ದಶಕದ ಕೊನೆ. ನಾನು ಬೈಲಹೊಂಗಲದಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದೆ. ರಾಮದುರ್ಗದಲ್ಲಿ ಕಾಕಾನ ಗೆಳೆಯನ ಛಾಪಖಾನೆಗೂ ಹೊಸದಾಗಿ ಒಂದು ಕಂಪ್ಯೂಟರ್ ಬಂದಿತ್ತು. "ನೀ ಅಲ್ಲೇ ಬರಕೊಂಡು ಬಾ, ಇಲ್ಲಿ ಒತ್ತಸೂಣು" ಎಂದ ಕಾಕಾ. ನಾನು ಕ್ಲಾಸಿನಲ್ಲಿ ಕೂತು, ಸುತ್ತಲೂ ಬಳ್ಳಿಯ ಅಂಚು ಹಾಕಿ, ಪತ್ರಿಕೆಯನ್ನು ಫ್ಲಾಪಿಯಲ್ಲಿ ಇಟ್ಟುಕೊಂಡು ಶುಕ್ರವಾರ ಮುಂಜಾನೆ ರಾಮದುರ್ಗ ಮುಟ್ಟಿದೆ. ಛಾಪಖಾನೆಯ ಮುಂದೆ ಗುಡ್ಡಕ್ಕೆ ಹೋಗುವ ಜೀಪು ತಯಾರಾಗಿ ನಿಂತಿತ್ತು. ಒಳಗೆ ಚಿಗವ್ವ, ಅವಳ ತೊಡೆಯ ಮೇಲೆ ನೈವೇದ್ಯದ ಹೋಳಿಗೆ ಡಬ್ಬಿ.

ಫ್ಲಾಪಿ ಹಾಕಿದೆ. ಯಂತ್ರ ಗುರುಗುಟ್ಟಿತು. ಪರದೆಯ ಮೇಲೆ ಬಳ್ಳಿಯ ಅಂಚು ಚಂದವಾಗಿ ಬಂತು. ಒಳಗಿದ್ದದ್ದು ಮಾತ್ರ ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳಂತೆಯೇ ಇದ್ದವು, ಆದರೆ ಕೆಲವಕ್ಕೆ ನೆತ್ತಿಯ ಮೇಲೆ ಕೊಂಬು, ಕೆಲವಕ್ಕೆ ಬುಡದಲ್ಲಿ ಬಾಲ, ನಡುನಡುವೆ ಅಂಕಿ.

"ಧೂಳಾ ಕುಂತಿರಬೇಕು" ಎಂದು ಛಾಪಖಾನೆಯ ಮಾಲೀಕರು ಧೋತರದ ಚುಂಗಿನಿಂದ ಪರದೆ ಒರೆಸಿದರು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದರು. ಕೊಂಬು ಕದಲಲಿಲ್ಲ. ಕಾಗದದ ಮೇಲೆ ಹೇಗೆ ಬರುತ್ತದೋ ನೋಡೋಣವೆಂದು ಒಂದು ಪ್ರತಿ ತೆಗೆದೆವು. ಅದರಲ್ಲೂ ಅದೇ ಕೊಂಬು, ಅದೇ ಬಾಲ.

ಕಾಕಾ ಮೂಗಿಗೆ ಚಾಳೀಸು ಏರಿಸಿ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದ. "ಅಲ್ಲೋ, ಇದು ಮೋಡಿ ಐತಿ."

ಮೋಡಿ ಎಂದರೆ ಮರಾಠಿಯನ್ನು ಗಡಬಡಿಯಿಂದ ಬರೆಯುತ್ತಿದ್ದ ಹಳೆಯ ಲಿಪಿ. ರಾಮದುರ್ಗ ಸಂಸ್ಥಾನದ ಕಾಲದಲ್ಲಿ ನಮ್ಮ ಅಜ್ಜ ಅಂಗಡಿಯ ವ್ಯವಹಾರವನ್ನೆಲ್ಲ ಅದರಲ್ಲೇ ಬರೆಯುತ್ತಿದ್ದ, ಕಾಕಾನಿಗೂ ಕಲಿಸಿದ್ದ.

"ಇದು ಶ್ರೀ ಇರಬೇಕು. ಮುಂದಿಂದು…" ಕಾಕಾ ಬೆರಳಿಟ್ಟು ಓದಿದ. "ಜ್ವಾಳಾ… ಮೂರು ಚೀಲಾ."

"ಸಾವಕಾರ್ರ, ಮಗಳನ್ನ ಕೊಡಾಕ ಹತ್ತೀರೋ, ಜ್ವಾಳಾ ಮಾರಾಕ ಹತ್ತೀರೋ?" ಎಂದರು ಮಾಲೀಕರು.

"ನಿನ್ನ ಮಷೀನ ಏನ್ ಉಗಳೇತಿ ಅದನ್ನ ಓದಾಕ ಹತ್ತೇನಪಾ."

ಜೀಪಿನಿಂದ ಚಿಗವ್ವನ ದನಿ ಬಂತು: "ಮೋಡಿ ಓದೂದು ಮುಗದಿಂದ ಒಂದೀಟು ಕನ್ನಡಾನೂ ಒತ್ತಸ್ರಿ. ಗುಡಿ ಬಾಗಲಾ ಹಾಕೂದ್ರಾಗ ನಾವು ಮುಟ್ಟಬೇಕು."

ಕಾಕಾ ಹಾಳೆ ಕೆಳಗಿಟ್ಟ. "ನನಗರ ನಮ್ಮಪ್ಪ ಕಲಿಸಿದ್ದ. ಈ ಡಬ್ಬಿಗೆ ಕನ್ನಡಾ ಯಾರು ಕಲಿಸ್ಯಾರ?"

ಅವನು ಚಾಷ್ಟಿಗೆ, ನಗುತ್ತಲೇ ಕೇಳಿದ. ನನಗೆ ಮಾತ್ರ ಅಲ್ಲಿಯೇ ಹೊಳೆಯಿತು: ಯಾರೂ ಕಲಿಸಿಲ್ಲ. ಪರದೆ ಸರಿಯಿತ್ತು, ಕೀಲಿಮಣೆ ಸರಿಯಿತ್ತು, ಒತ್ತುವ ಪ್ರಿಂಟರಂತೂ ಹೊಚ್ಚ ಹೊಸದು. ನನ್ನ ಫ್ಲಾಪಿಯಲ್ಲೂ ಊನವಿರಲಿಲ್ಲ. ಆದರೆ ಅದರಲ್ಲಿ ಇದ್ದದ್ದು ಅಕ್ಷರಗಳಲ್ಲ, ಬರೀ ಅಂಕಿಗಳ ಸಾಲು. ಯಾವ ಅಂಕಿಗೆ ಯಾವ ಆಕಾರ ಎಂದು ಯಂತ್ರಕ್ಕೆ ಹೇಳುವ ಕನ್ನಡದ ಫಾಂಟು ಬೈಲಹೊಂಗಲದಲ್ಲೇ ಉಳಿದಿತ್ತು. ಇಲ್ಲಿಯ ಕಂಪ್ಯೂಟರು ಪಾಪ, ತನಗೆ ಗೊತ್ತಿದ್ದ ಆಕಾರಗಳನ್ನೇ ತೊಡಿಸಿತ್ತು. ಕಾಕಾ ಕೊಂಬುಬಾಲಗಳಿಗೆ ಮೋಡಿ ತೊಡಿಸಿದ ಹಾಗೆ.

ಬೈಲಹೊಂಗಲಕ್ಕೆ ಫೋನ್ ಹಚ್ಚಿದೆ. ನಮ್ಮ ಮಾಸ್ತರು ಫಾಂಟನ್ನು ಇನ್ನೊಂದು ಫ್ಲಾಪಿಗೆ ತುಂಬಿ ರಾಮದುರ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು. ಬಸ್ಸು ಬರುವವರೆಗೆ ಚಿಗವ್ವ ಜೀಪಿನಿಂದ ಇಳಿಯಲಿಲ್ಲ. ಇಳಿದರೆ ಇವತ್ತಿನ ಪ್ರಯಾಣ ನಿಂತೇ ಹೋಗುತ್ತದೆಂದು ಅವಳ ನಂಬಿಕೆ. ಚಹಾ ಕೂಡ ಅಲ್ಲಿಗೇ ಹೋಯಿತು.

ಮಧ್ಯಾಹ್ನ ಬಸ್ಸು ಬಂತು. ಕಂಡಕ್ಟರ್ ಫ್ಲಾಪಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ ಕೊಟ್ಟ. "ಏನೋ ತುಂಬೇನಿ ಅಂದ್ರು ನಿಮ್ಮ ಮಾಸ್ತರು. ಬರೇ ಖಾಲಿ ಡಬ್ಬಿ ಕೊಟ್ಟಾರ ನೋಡ್ರಿ. ಆಮ್ಯಾಲೆ ನನ್ನ ಮ್ಯಾಲೆ ಬರಬ್ಯಾಡ್ರಿ."

ಫಾಂಟನ್ನು ಕಂಪ್ಯೂಟರಿಗೆ ಇಳಿಸಿ ಪತ್ರಿಕೆಯನ್ನು ಮತ್ತೆ ತೆರೆದೆ. ಒಂದು ತಿರುಪು ಸಡಿಲಿಸಿರಲಿಲ್ಲ, ಒಂದು ತಂತಿ ಬದಲಿಸಿರಲಿಲ್ಲ. ಕೊಂಬುಬಾಲಗಳೆಲ್ಲ ಒತ್ತಕ್ಷರ, ಕಾಗುಣಿತಗಳಾಗಿ ತಮ್ಮ ತಮ್ಮ ಜಾಗದಲ್ಲಿ ಕೂತುಬಿಟ್ಟವು. ಮೊದಲ ಪ್ರತಿ ಹೊರಬಿದ್ದದ್ದೇ ತಡ, ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಜೀಪಿಗೆ ಓಡಿದ.

ಬಾಗಿಲು ಹಾಕುವ ಮೊದಲೇ ಗುಡಿ ಮುಟ್ಟಿದರಂತೆ. ಮರುದಿನ ಮುಂಜಾನೆ ಚಿಗವ್ವ ಗುಡ್ಡದ ಭಂಡಾರ, ಎಂದರೆ ಎಲ್ಲಮ್ಮನ ಅರಿಷಿಣ ಪುಡಿ, ಹಿಡಿದು ನೇರ ಛಾಪಖಾನೆಗೇ ಬಂದಳು. ಉಳಿದ ಪತ್ರಿಕೆಗಳು ಆಗಲೇ ಕಟ್ಟಾಗುತ್ತಿದ್ದವು.

"ಎಲ್ಲಿ ಕುಂತೈತೋ ನಿನ್ನ ಕನ್ನಡಾ? ಭಂಡಾರಾ ಹಚ್ಚತೇನಿ."

ನಾನು ಕಂಪ್ಯೂಟರ್ ಡಬ್ಬಿ ತೋರಿಸಿದೆ.

"ಯವ್ವಾ, ಒಳಗ ಬೀಳಧಂಗ ಹಚ್ರಿ" ಎಂದರು ಮಾಲೀಕರು.

ಚಿಗವ್ವ ಡಬ್ಬಿಯನ್ನು ಬೆರಳಿನಿಂದ ಬಡಿದು ನೋಡಿದಳು. "ಇದು ತಗಡು. ಇದು ನಿನ್ನೆ ಮುಂಜಾನೆನೂ ಇತ್ತಲ್ಲ."

ಮಾಸ್ತರು ಕಳಿಸಿದ್ದ ಫ್ಲಾಪಿ ಕೊಟ್ಟೆ. ಅದನ್ನೂ ತಿರುವಿ ಹಾಕಿ, "ಇದನ್ನ ತಗದು ಇಟ್ಟರೂ ಕನ್ನಡಾ ಬರಾಕ ಹತ್ತೇತಿ" ಎಂದಳು. ಅದೂ ಖರೆಯೇ.

ಕೊನೆಗೆ ಅವಳು ತಗಡಿಗೆ ಒಂದು ಬೊಟ್ಟು, ಫ್ಲಾಪಿಗೆ ಒಂದು ಬೊಟ್ಟು, ಉಳಿದದ್ದನ್ನು ನನ್ನ ಹಣೆಗೆ ಬಳಿದಳು. "ಈ ಮೂರರಾಗ ಎಲ್ಲೆರ ಇರತೈತಿ. ಆ ಕಟ್ಟು ಇತ್ತ ಕೊಡ್ರಿ, ಮೊದಲ ಬೀಗರ ಮನಿಗೆ ಹೋಗಬೇಕು."