ಕೋಡಿಯ ಜೆಟ್ಟಿಗೆ ಬಂದ ಸ್ಕ್ಯಾನಿಂಗ್ ಬಸ್ಸು

ಬ್ರಹ್ಮಾವರದಲ್ಲಿ ಬಸ್ಸು ಹತ್ತಿದಾಗಿನಿಂದ ಕುಂದಾಪುರದವರೆಗೂ ಮಳೆ ಬಿಡಲಿಲ್ಲ. ಕಿಟಕಿ ಸೋರಿ ಸೀರೆಯ ನೆರಿಗೆ ಒದ್ದೆಯಾಯಿತು. ಅಲ್ಲಿಂದ ಆಟೋದಲ್ಲಿ ಕೋಡಿಗೆ ಹೋದೆ. ನಮ್ಮ ಮನೆಗೆ ಮೀನು ತರುವ ಗಿರಿಜಾ ಕೊಡೆ ಹಿಡಿದು ಕಾಯುತ್ತಿದ್ದಳು. ಅವಳ ಗಂಡ ಶಂಕರನ ಬೋಟಿನ ಜತೆಗಾರನೊಬ್ಬ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದ, ಗೊತ್ತಾಗುವಾಗಲೇ ತಡವಾಗಿತ್ತಂತೆ. "ಅಮ್ಮ, ನೀವ್ ಹೇಳ್ರೆ ಇವ್ರ್ ಕೇಂತ್ರ್" ಎಂದು, ಶಂಕರನನ್ನು ತಪಾಸಣೆಗೆ ಒಪ್ಪಿಸಲು ನನ್ನನ್ನು ಕರೆಸಿದ್ದಳು.

ಮೀನುಗಾರಿಕೆಗೆ ನಿಷೇಧವಿರುವ ದಿನಗಳು. ಬೋಟುಗಳೆಲ್ಲ ದಡದಲ್ಲಿದ್ದವು. ಗಂಡಸರು ಊರಲ್ಲಿ ಸಿಗುವುದು ಈಗಲೇ ಎಂದು ಶ್ವಾಸಕೋಶ ತಪಾಸಣೆಯ ಶಿಬಿರವನ್ನೂ ಈಗಲೇ ಇಟ್ಟಿದ್ದರು. ಜೆಟ್ಟಿಯಲ್ಲಿ ಮೀನು ಹರಾಜಿನ ಚಪ್ಪರದಡಿ ಸ್ಕ್ಯಾನಿಂಗ್ ಬಸ್ಸು ನಿಂತಿತ್ತು. ಬಹಳ ವರ್ಷ ಬೀಡಿ ಸೇದಿದವರಿಗೆ ಮಾತ್ರ ಪರೀಕ್ಷೆ.

ಶಂಕರನ ಸರದಿ ಬಂತು. "ಬೀಡಿ ಉಂಟಾ?" ಎಂದು ಮೇಜಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಹುಡುಗಿ ಕೇಳಿದಳು.

"ಇಲ್ಲಪ್ಪ, ಮುಟ್ಟುದೇ ಇಲ್ಲ."

ಗಿರಿಜಾ ನನ್ನ ಕೈ ಹಿಂಡಿದಳು. ಶಂಕರನ ಹಿಂದೆಯೇ ಅವನಣ್ಣ ನಿಂತಿದ್ದ. ಇಲ್ಲಿ ಅಣ್ಣನೆದುರು ಯಾರೂ ಬೀಡಿ ಹಚ್ಚುವುದಿಲ್ಲ, ಅದರ ಮಾತನ್ನೂ ಎತ್ತುವುದಿಲ್ಲ.

ಬೈಂದೂರಿನ ಕಡೆಯ ನರ್ಸೊಬ್ಬಳು ಇದನ್ನು ಗಮನಿಸಿದಳು. ಕಾನ್ವೆಂಟಿನಲ್ಲಿ ನಮಗೆ ಕಸೂತಿ ಕಲಿಸಿದ ಸಿಸ್ಟರಿನಂಥ ಮೆತ್ತಗಿನ ದನಿ. "ಮೇಜು ಬೇಡ, ಒಬ್ಬೊಬ್ರೇ ಒಳ್ಗ್ ಬನಿ, ಬಿಪಿ ಕಾಂಬ" ಎಂದು ಎಲ್ಲರನ್ನೂ ಟಾರ್ಪಾಲಿನ ಮರೆಗೆ ಕರೆಯತೊಡಗಿದಳು. ಒಳಗೆ ಅವಳು ಬೀಡಿ ಉಂಟೋ ಇಲ್ಲವೋ ಎಂದು ಕೇಳಲೇ ಇಲ್ಲವಂತೆ. "ಕಡ್ಲಿಗ್ ಹೋಪತಿಗೆ ಎಷ್ಟ್ ಕಟ್ಟ್ ಬೀಡಿ ತಕಂಡ್ ಹೋತ್ರಿ?" ಎಂದಳಂತೆ. ಜತೆಗೆ ಹೋಗಿದ್ದ ಗಿರಿಜಾ ನಗುತ್ತ ಹೊರಬಂದಳು. "ಬಾಯ್ ಬಿಟ್ರ್ ಅಮ್ಮ!"

ಆದರೆ ಬಸ್ಸಿನ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟ ಶಂಕರ ಅಲ್ಲೇ ನಿಂತುಬಿಟ್ಟ. ಹತ್ತಿದರೆ ಅಣ್ಣನಿಗೆ ತಿಳಿಯುತ್ತದಲ್ಲ! ಗಿರಿಜಾಳ ಮುಖ ಬಾಡಿತು. ನಾನು ಏನೋ ಹೇಳಹೊರಟೆ. ಅಷ್ಟರಲ್ಲಿ ಅಣ್ಣನೇ ಕೂಗಿದ.

"ಹ್ವಾಯ್, ಹತ್ತಾ ಮಾರಾಯಾ! ನೀ ಬೀಡಿ ಎಳುದ್ ನಂಗ್ ಗೊತ್ತಿಲ್ಯಾ? ಬೋಟಂಗೆ ಗಾಳಿ ನನ್ನ್ ಬದಿಗೇ ಬಪ್ದಲ್ದಾ! ಪಾಪ, ಎಳ್ಕಳ್ಲಿ ಅಂದ್ ನಾ ಬಲೆ ಕಂಡ್ಕಂಡ್ ನಿಂತಿಪ್ದ್."

ಚಪ್ಪರವೆಲ್ಲ ನಗೆ. ಶಂಕರ ತಿರುಗಿ ನೋಡದೆ ಹತ್ತಿದ. ಬಾಗಿಲು ಮುಚ್ಚಿತು.

ವರದಿಗೆ ಕೆಲವು ದಿನ ಬೇಕೆಂದರು. ಗಿರಿಜಾ ಬಂಗುಡೆ ಒಣಮೀನು ಕಟ್ಟಿಕೊಟ್ಟು ನನ್ನನ್ನು ಆಟೋ ಹತ್ತಿಸಿದಳು. ಹೊರಡುವಾಗ ಹಿಂತಿರುಗಿ ನೋಡಿದೆ. ಶಂಕರ ಇನ್ನೂ ಬಸ್ಸಿನಿಂದ ಇಳಿದಿರಲಿಲ್ಲ. ಮಳೆ ಓರೆಯಾಗಿ ಬೀಸುತ್ತಿತ್ತು. ಅಣ್ಣ ಮೆಟ್ಟಿಲ ಬಳಿ ಬಗ್ಗಿ ತಮ್ಮನ ಚಪ್ಪಲಿಗಳನ್ನೆತ್ತಿ, ನೀರು ಕೊಡವಿ, ಮಳೆ ತಾಗದ ಜಾಗದಲ್ಲಿ ಜೋಡಿಸಿಡುತ್ತಿದ್ದ.