ಜಗಲಿಯ ಮೇಲೆ ಅತ್ತೆ ಕೂತಿರುವ ಮನೆ

ನಮಗೆಲ್ಲ ಆ ಆಟದ ಹುಚ್ಚು ಹಿಡಿಸಿದವಳು ಮಿರ್ಲೆಗೆ ಕೊಟ್ಟಿರುವ ನನ್ನ ನಾದಿನಿ. ಗುಂಪು ಕಟ್ಟಿಕೊಂಡು, ಫೋನ್ ಹಿಡಿದು ಒಂದು ಕಟ್ಟಡವನ್ನು ಸುತ್ತಬೇಕು. ಒಳಗೂ ಹೊರಗೂ ಎಲ್ಲ ಮಗ್ಗುಲಿನಿಂದಲೂ ಫೋಟೊ ತೆಗೆದು ಕಳಿಸಬೇಕು. ಅಷ್ಟನ್ನೂ ಸೇರಿಸಿ ಆಟವು ಆ ಕಟ್ಟಡವನ್ನು ಇದ್ದ ಹಾಗೇ ಫೋನಿನೊಳಗೆ ಕಟ್ಟಿಕೊಡುತ್ತದೆ. ಬೆರಳಲ್ಲಿ ತಿರುಗಿಸಬಹುದು, ಬಾಗಿಲು ದಾಟಿ ಒಳಗೂ ಹೋಗಬಹುದು. ಹೆಚ್ಚು ಕಟ್ಟಡ ಕಟ್ಟಿದ ಗುಂಪು ಗೆದ್ದಂತೆ. ಅವಳದು ಮಿರ್ಲೆಯ ಗುಂಪು, ನನ್ನದು ಗಾವಡಗೆರೆ ಕಡೆಯ ನಮ್ಮೂರಿನದು. ಹಾಲಿನ ಡೇರಿ, ಅಂಗನವಾಡಿ, ಮಾರಮ್ಮನ ಗುಡಿ ಎಲ್ಲ ಮುಗಿದ ಮೇಲೆ ನಮ್ಮ ಮನೆಗೇ ಕೈ ಹಾಕಿದೆ. ಅದು ಅವಳ ತವರು. ಅವಳ ತವರನ್ನೇ ನನ್ನ ಲೆಕ್ಕಕ್ಕೆ ಹಾಕಿಕೊಂಡು ಹೊಟ್ಟೆ ಉರಿಸೋಣ ಅನ್ನುವ ಆಸೆಯೂ ಇತ್ತು ಅನ್ನಿ.

ಜಗಲಿಯ ಮೇಲೆ ಅತ್ತೆ ಕೂತಿದ್ದರು. ಸರಿಯಿರಿ ಅಂದರೆ ಸರಿಯುವ ಹೆಂಗಸಲ್ಲ. ಅದೂ ಅಲ್ಲದೆ ಫೋಟೊ ಅಂದರೆ ಅವರಿಗೆ ಒಂದು ಹಳೆಯ ಕೊರಗು. ಮದುವೆಯಲ್ಲಿ ತೆಗೆಸಿದ ಒಂದೇ ಒಂದು ಫೋಟೊದಲ್ಲಿ ಮುಖ ಅಲ್ಲಾಡಿಸಿಬಿಟ್ಟಿದ್ದರು. ಮಾವನ ಮೀಸೆ ಚೆನ್ನಾಗಿ ಬಂದಿದೆ, ಅತ್ತೆಯ ಸೆರಗು, ಸರ ಎಲ್ಲ ಇದೆ, ಮುಖ ಇರಬೇಕಾದ ಕಡೆ ಮಾತ್ರ ಹಿಟ್ಟು ಮೆತ್ತಿದಂತಿದೆ. ಮಾವ ಸಾಯುವವರೆಗೂ ಅದನ್ನು ತೋರಿಸಿ ನಗುತ್ತಿದ್ದರು. ಹಾಗಾಗಿ ಯಾರು ಫೋನ್ ಎತ್ತಿದರೂ ಅತ್ತೆ ಉಸಿರು ಬಿಗಿಹಿಡಿದು, ಮಂಡಿ ಮೇಲೆ ಕೈ ಊರಿ, ಬೊಂಬೆಯ ಹಾಗೆ ಕೂತುಬಿಡುತ್ತಿದ್ದರು.

“ತಗಿಯವ್ವ, ನಾನು ಅಲ್ಲಾಡಾಕಿಲ್ಲ. ಮಕ ಚೆಂದಾಗಿ ಬರ್ಲಿ” ಅಂದರು.

ಹತ್ತಿರದಿಂದ, ದೂರದಿಂದ, ಎಡಕ್ಕೆ ಬಲಕ್ಕೆ ಹೋಗಿ ತೆಗೆದೇ ತೆಗೆದೆ. ಅವರ ಮೈ ಒಂದಿಷ್ಟೂ ಮಿಸುಕಲಿಲ್ಲ.

ಫೋನಿನಲ್ಲಿ ಮನೆ ಎದ್ದು ನಿಂತಿತು. ಅಲ್ಲಾಡಿದ್ದನ್ನೆಲ್ಲ ಆ ಆಟ ಅಳಿಸಿಹಾಕುತ್ತದೆ, ಹಾಗಾಗಿ ಕೋಳಿ, ಕರು, ಮಗು ಎತ್ತಿಕೊಂಡು ಬಂದಿದ್ದ ಪಕ್ಕದ ಮನೆಯವಳು, ಯಾರೂ ಇರಲಿಲ್ಲ. ಅತ್ತೆ ಇದ್ದರು. ಕಂಬದ ಹಾಗೆ ಅವರೂ ಮನೆಯ ಒಂದು ಭಾಗ ಅಂತ ಅದು ತಿಳಿದುಕೊಂಡಿತ್ತು. ಹಸಿರು ಸೀರೆ, ಮಂಡಿಯ ಮೇಲಿನ ಕೈ, ಕಾಲಿನ ಬೆರಳು ಎಲ್ಲ ಬಂದಿತ್ತು. ಮುಖ ಬಂದಿರಲಿಲ್ಲ. ಮತ್ತೆ ಅದೇ ಹಿಟ್ಟು. ಒಂದೊಂದೇ ಫೋಟೊ ತೆರೆದು ನೋಡಿದಾಗ ಕಾರಣ ಗೊತ್ತಾಯಿತು. ಫೋಟೊ ತೆಗೆಯುವವರನ್ನೇ ನೋಡಬೇಕು ಅನ್ನುವುದು ಅವರ ಕಾಲದ ಪದ್ಧತಿ. ನಾನು ಹೋದ ಕಡೆಗೆಲ್ಲ ಕತ್ತು ತಿರುಗಿಸಿ ನನ್ನನ್ನೇ ನೋಡಿದ್ದರು. ಪಾಪ, ತೋರಿಸಿದರೆ ನೊಂದುಕೊಳ್ಳುತ್ತಾರೆ ಅಂತ ನಾನು ತೋರಿಸಲಿಲ್ಲ. ಇನ್ನೊಂದು ಸಲ ತೆಗೆದರಾಯಿತು ಅಂದುಕೊಂಡೆ.

ಆ ಬೇಸಿಗೆ ಮುಗಿಯುವ ಮೊದಲೇ ಅತ್ತೆ ತೀರಿಕೊಂಡರು. ನಕ್ಷತ್ರ ಧನಿಷ್ಠೆ. ಅದರಲ್ಲಿ ಸಾವಾದರೆ ನಮ್ಮಲ್ಲಿ ಆರು ತಿಂಗಳು ಮನೆ ಬಿಡುತ್ತಾರೆ. ಬೀಗ ಹಾಕಿ, ಬಾಗಿಲಿಗೆ ಮುಳ್ಳು ಇಟ್ಟು, ಪಾತ್ರೆ ಪಗಡೆ ಹೊತ್ತುಕೊಂಡು ಹೊಲಕ್ಕೆ ಬಂದೆವು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಪಕ್ಕದ ಶೆಡ್ಡೇ ಮನೆಯಾಯಿತು. ಜೀವ ಇನ್ನೂ ಒಳಗೆ ಓಡಾಡುತ್ತಿರುತ್ತದೆ, ಹೊಸ್ತಿಲು ತುಳಿಯಬೇಡಿ ಅಂದರು ಹಿರಿಯರು. ನಾನು ಇಂಥದ್ದನ್ನು ನಂಬುವವಳಲ್ಲ. ಆದರೂ ಆ ಬೀದಿಯಲ್ಲಿ ಹೋಗುವಾಗ ಮುಖ ಆಚೆ ಮಾಡಿಕೊಂಡೇ ಹೋಗುತ್ತಿದ್ದೆ.

ಸೊಪ್ಪು ಕಟ್ಟಿ ಕೈ ಅಂಟಂಟಾದ ಮಧ್ಯಾಹ್ನಗಳಲ್ಲಿ, ಕೈ ತೊಳೆದುಕೊಂಡು ಫೋನ್ ತೆಗೆದು ಆ ಮನೆಗೆ ಹೋಗುತ್ತಿದ್ದೆ. ಅಲ್ಲಿ ಬಾಗಿಲಿಗೆ ಮುಳ್ಳಿಲ್ಲ. ಅಡಿಗೆಮನೆಯ ಒಲೆಯ ಮೇಲೆ ಸಾರಿನ ಪಾತ್ರೆ ಇನ್ನೂ ಇದೆ. ಜಗಲಿಯ ಮೇಲೆ ಅತ್ತೆ ಇದ್ದಾರೆ. ಮನೆಯನ್ನು ಸ್ವಲ್ಪ ಓರೆ ಮಾಡಿದರೆ ಅವರಿಗೆ ಬೆನ್ನೇ ಇಲ್ಲ. ಗೋಡೆಗೆ ಒರಗಿ ಕೂತಿದ್ದರಿಂದ ಬೆನ್ನು ಯಾವ ಫೋಟೊಗೂ ಸಿಕ್ಕಿಲ್ಲ, ಹಿಂದೆಲ್ಲ ಪೊಳ್ಳು. ಹೆದರಿಕೆ ಆಗುತ್ತಿತ್ತು, ಆದರೂ ನೋಡದೆ ಇರಲು ಆಗುತ್ತಿರಲಿಲ್ಲ.

ಒಂದು ದಿನ ನಾದಿನಿ ಬಂದವಳು ಇದನ್ನು ಕಂಡು ಬೆಚ್ಚಿದಳು. “ಅಯ್ಯೋ ಅತ್ಗೆ! ಮುಳ್ಳು ಆಕಿರೋ ಮನೆಗೆ ಫೋನ್ನಾಗೂ ಓಗ್ಬಾರ್ದು ಕಣತ್ಗೆ!”

ಬೈದು ಮುಗಿಸಿದವಳು ಅಲ್ಲೇ ಕುಕ್ಕರಿಸಿದಳು. “ಅವ್ವ ಕಾಣ್ತದಾ? ತೋರ್ಸು” ಅಂದಳು. ನೋಡಿದಳು. “ಮಕ ಎಲ್ಲತ್ಗೆ?”

ನಡೆದದ್ದನ್ನು ಹೇಳಿದೆ. “ಈ ಸಲಾನೂ ಅವ್ವಂಗೆ ಮಕ ಸಿಗ್ನಿಲ್ವಲ್ಲ” ಅಂತ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಮನೆಗೆ ಮರಳುವ ದಿನ ಹತ್ತಿರ ಬಂದಾಗ ಆಟದಿಂದ ಒಂದು ಸೂಚನೆ ಬಂತು. ಬಹಳ ದಿನದಿಂದ ಹೊಸ ಫೋಟೊ ಬಂದಿಲ್ಲ, ಹೀಗೇ ಬಿಟ್ಟರೆ ಈ ಮನೆಯನ್ನು ತೆಗೆದುಹಾಕುತ್ತೇವೆ ಅಂತ. ಹೊಸ ಫೋಟೊ ತೆಗೆಯದಿದ್ದರೆ ಮನೆ ಪೂರ್ತಿ ಹೋಗುತ್ತದೆ. ತೆಗೆದರೆ ಜಗಲಿ ಖಾಲಿ ಅಂತ ಅದಕ್ಕೆ ಗೊತ್ತಾಗಿ ಅತ್ತೆ ಹೋಗುತ್ತಾರೆ. ಸಂಕಟವಾಗಿ ಮಿರ್ಲೆಗೆ ಫೋನ್ ಮಾಡಿದೆ.

“ಅವ್ವ ಕೂತಿದ್ದಂಗೆ ನಾನು ಕೂತ್ಕತೀನಿ” ಅಂದಳು ನಾದಿನಿ.

“ನಮ್ ಗುಂಪು ಗೆದ್ದುಬುಡ್ತದೆ ಕಣಮ್ಮಿ.”

“ಗೆಲ್ಲಿ ಬುಡು.”

ಶಾಂತಿ ಮಾಡಿಸಿ ಮುಳ್ಳು ತೆಗೆದ ದಿನ, ತನ್ನ ಪಾಲಿಗೆ ಬಂದಿದ್ದ ಆ ಹಸಿರು ಸೀರೆಯನ್ನೇ ಉಟ್ಟುಕೊಂಡು ಬಂದಳು. ಅತ್ತೆಯ ಜಾಗದಲ್ಲಿ, ಅತ್ತೆಯ ಹಾಗೇ ಗೋಡೆಗೆ ಒರಗಿ, ಮಂಡಿ ಮೇಲೆ ಕೈ ಊರಿ ಕೂತಳು.

“ನನ್ನ ನೋಡ್ಬ್ಯಾಡ. ಎದುರಿಗಿರೋ ಬೇವಿನ ಮರ ನೋಡು. ನಾನು ಎಲ್ಲಿಗೆ ಓದ್ರೂ ಕತ್ತು ತಿರುಗಿಸ್ಬ್ಯಾಡ” ಅಂದೆ.

ಅವಳು ಮರವನ್ನೇ ನೋಡಿದಳು. ಕಣ್ಣೀರು ಗದ್ದದಿಂದ ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ಸಂಜೆಗೆ ಹೊಸ ಮನೆ ಬಂತು. ಹಳೆಯ ಫೋಟೊ, ಹೊಸ ಫೋಟೊ ಎಲ್ಲ ಒಂದಾಗಿತ್ತು. ಮಂಡಿಯ ಮೇಲೆ ಅತ್ತೆಯದೇ ಸುಕ್ಕುಗಟ್ಟಿದ ಕೈ, ಮೇಲೆ ಒಂದು ಪೂರ್ತಿ ಮುಖ. ಮೂಗು, ಹಣೆ, ಬಿಗಿದ ತುಟಿ. “ಅವ್ವನೇ ಕಣತ್ಗೆ, ವಯಸ್ನಾಗೆ ಇಂಗೇ ಇತ್ತು” ಅಂತ ನಾದಿನಿ ಫೋನನ್ನು ಕಣ್ಣಿಗೊತ್ತಿಕೊಂಡಳು. ಅವಳ ಸಂತೋಷ ನೋಡಿ ನಾನೂ ನಕ್ಕೆ.

ಅವಳು ಬಸ್ಸು ಹತ್ತಿ ಹೋದ ಮೇಲೆ ಜಗಲಿಯ ಮೇಲೆ ಕೂತು ಮನೆಯನ್ನು ತಿರುಗಿಸಿ ನೋಡಿದೆ. ಎಡಕ್ಕೆ ಹೋದೆ, ಬಲಕ್ಕೆ ಹೋದೆ, ಹತ್ತಿರ ಹೋದೆ. ಆ ಮುಖ ಬೇವಿನ ಮರವನ್ನೇ ನೋಡುತ್ತಿತ್ತು. ಮೊದಲಿದ್ದ ಆ ಹಿಟ್ಟು ಏನು ಅಂತ ಆಗ ನನಗೆ ಹೊಳೆಯಿತು. ನಾನು ಹೋದ ಕಡೆಗೆಲ್ಲ ತಿರುಗಿದ ಅತ್ತೆಯ ನೋಟಗಳು ಒಂದರ ಮೇಲೊಂದು ಕೂತು ಹಾಗೆ ಕಲಸಿಹೋಗಿದ್ದವು. ನಾದಿನಿಗೆ ಅವ್ವನ ಮುಖ ಸಿಕ್ಕಿತು. ನಾನು ಎಷ್ಟು ಸುತ್ತಿದರೂ ಆ ಮನೆಯಲ್ಲಿ ಈಗ ನನ್ನನ್ನು ಯಾರೂ ನೋಡುತ್ತಿಲ್ಲ.